ಮಕ್ಕಳು ಹಾಸ್ಟೆಲಿಗೆ ಹೋದ ಮೇಲೆ

(ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿಭಾ ಪುರಸ್ಕಾರದ ಸಭೆಗಳಲ್ಲಿ ನಾವು ಅಂಕಗಳ ಬಗ್ಗೆ ಮಾತನಾಡುತ್ತೇವೆ. ಮಕ್ಕಳಿಗೆ ಶಾಲು ಹೊದಿಸುತ್ತೇವೆ, ಫಲಕ ಕೊಡುತ್ತೇವೆ, ಫೋಟೋ ತೆಗೆಸುತ್ತೇವೆ. ಆದರೆ ಅದೇ ಮಗು ಬ್ಯಾಗು, ಬಕೆಟ್ಟು, ಹಾಸಿಗೆ ಹಿಡಿದು ಧಾರವಾಡಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಬಸ್ಸು ಹತ್ತಿದ ಮೇಲೆ ಆ ಮನೆಯಲ್ಲಿ ಏನಾಗುತ್ತದೆ? ಅದರ ಬಗ್ಗೆ ಯಾವ ವೇದಿಕೆಯಲ್ಲೂ ಮಾತಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ತಾಯಿ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾಳೆ. ತಂದೆ ಏನೂ ಮಾತನಾಡುವುದಿಲ್ಲ. ಆದರೆ ಅಂಗಡಿ ಮುಚ್ಚುವಾಗ ಎರಡು ಸಲ ಮೊಬೈಲ್ ತೆಗೆದು ನೋಡುತ್ತಾನೆ. ಇಂದು ಆ ಮನೆಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಒಂದು ಲೆಕ್ಕ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರ ನವೆಂಬರಿನಲ್ಲಿ ತನ್ನ ವರದಿ ಕೊಟ್ಟಿತು. 2001ರ ಜನಗಣತಿಯ ಆಧಾರದ ಮೇಲೆ ಅದು ಹೇಳಿದ್ದು ಇದು: 20 ವರ್ಷ ಮೀರಿದವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಇಡೀ ದೇಶದಲ್ಲಿ ಸುಮಾರು ಶೇ. 7, ಮುಸ್ಲಿಮರಲ್ಲಿ ಶೇ. 4ಕ್ಕಿಂತಲೂ ಕಡಿಮೆ. ಈ ಅಂಕಿಯನ್ನು ನಾವು ಸರಕಾರದ ಮುಂದೆ ಬೇಡಿಕೆ ಇಡುವಾಗ ಹೇಳುತ್ತೇವೆ. ಆದರೆ ಅದಕ್ಕೆ ಮನೆಯೊಳಗಿನ ಅರ್ಥವೊಂದಿದೆ. ಇಂದು ಕಾಲೇಜಿಗೆ ಹೋಗಿರುವ ನಮ್ಮ ಎಷ್ಟೋ ಮಕ್ಕಳ ತಂದೆ ತಾಯಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಗ್ಯಾರೇಜಿನಲ್ಲಿ ದುಡಿಯುವ ತಂದೆಗೆ ಎಂಜಿನ್ನಿನ ಶಬ್ದ ಕೇಳಿದರೆ ಯಾವ ಭಾಗ ಕೆಟ್ಟಿದೆಯೆಂದು ತಿಳಿಯುತ್ತದೆ. ಮಗನ ದನಿ ಕೇಳಿದರೆ ಕಾಲೇಜಿನಲ್ಲಿ ಏನು ಕೆಟ್ಟಿದೆಯೆಂದು ತಿಳಿಯುವುದಿಲ್ಲ. ನಮ್ಮ ಚಿಂತೆಯ ಅರ್ಧ ಭಾಗ ಪ್ರೀತಿಯದ್ದು, ಉಳಿದರ್ಧ ಈ ಅರಿಯದಿರುವಿಕೆಯದ್ದು. ಪ್ರೀತಿಯನ್ನು ಕಡಿಮೆ ಮಾಡಿಕೊಳ್ಳಿ ಎಂದು ಯಾರೂ ಹೇಳಲಾರರು. ಆದರೆ ಅರಿಯದ್ದನ್ನು ಅರಿತುಕೊಳ್ಳಬಹುದು.

ಚಿಂತೆ ಮಾಡುವುದು ಈಮಾನಿನ ಕೊರತೆಯೆಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ಹಜರತ್ ಮೂಸಾ (ಅ) ಅವರ ತಾಯಿಯನ್ನು ನೆನಪಿಸಿಕೊಳ್ಳಿ. ಮಗುವನ್ನು ನದಿಯಲ್ಲಿ ಬಿಡು, ಹೆದರಬೇಡ, ದುಃಖಿಸಬೇಡ, ನಿನ್ನ ಬಳಿಗೆ ಮರಳಿಸುತ್ತೇವೆ ಎಂದು ಅಲ್ಲಾಹನೇ ಆಕೆಯ ಮನಸ್ಸಿಗೆ ಸೂಚಿಸಿದ್ದನು. ಆದರೂ ಆ ತಾಯಿಯ ಹೃದಯ ಬರಿದಾಯಿತು, ಇನ್ನೇನು ಗುಟ್ಟನ್ನು ಹೊರಗೆ ಹಾಕುವುದರಲ್ಲಿದ್ದಳು ಎಂದು ಪವಿತ್ರ ಕುರ್‌ಆನ್ ಸೂರಃ ಅಲ್-ಕಸಸ್‌ನಲ್ಲಿ ತಿಳಿಸುತ್ತದೆ. ಅಲ್ಲಾಹನ ವಾಗ್ದಾನ ಪಡೆದ ತಾಯಿಗೇ ಅಷ್ಟು ಸಂಕಟವಾದರೆ ನಮ್ಮ ತಾಯಂದಿರಿಗೆ ಆಗುವುದರಲ್ಲಿ ಆಶ್ಚರ್ಯವೇನು?

ಆಮೇಲೆ ಆ ತಾಯಿ ಏನು ಮಾಡಿದಳು? ಇದನ್ನು ನಾವು ಗಮನಿಸಬೇಕು. ನದಿಗೆ ಹಾರಿ ಪೆಟ್ಟಿಗೆಯನ್ನು ಹಿಂದಕ್ಕೆ ಎಳೆಯಲಿಲ್ಲ. ಎಲ್ಲಿಯಾದರೂ ಹೋಗಲಿ ಎಂದು ಮನೆಯಲ್ಲಿ ಸುಮ್ಮನೆ ಕೂರಲೂ ಇಲ್ಲ. ಮಗಳಿಗೆ, ಅವನ ಹಿಂದೆ ಹೋಗು ಎಂದಳು. ಆ ಹುಡುಗಿ ಯಾರಿಗೂ ತಿಳಿಯದಂತೆ ದೂರದಿಂದಲೇ ನೋಡುತ್ತಿದ್ದಳು. ಮಗು ಯಾವ ದಾದಿಯ ಹಾಲನ್ನೂ ಕುಡಿಯದಿದ್ದಾಗ, ಸರಿಯಾದ ಹೊತ್ತಿಗೆ ಮುಂದೆ ಬಂದು ಒಂದು ಮಾತು ಹೇಳಿದಳು. ಮಗು ತಾಯಿಯ ಮಡಿಲಿಗೆ ಮರಳಿತು. ದೂರದಿಂದ ನೋಡುವುದು, ಸಮಯಕ್ಕೆ ಸರಿಯಾಗಿ ಮುಂದೆ ಬರುವುದು. ಹಾಸ್ಟೆಲಿಗೆ ಮಕ್ಕಳನ್ನು ಕಳಿಸಿದ ಪಾಲಕರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಬೇರೆ ಬೇಕಿಲ್ಲ.

ನಾವು ಹೆಚ್ಚಾಗಿ ಮಾಡುವುದು ಈ ಎರಡರಲ್ಲಿ ಒಂದು ತಪ್ಪಿದಾಗ ಆಗುವುದನ್ನು. ಕೆಲವರು ಪೆಟ್ಟಿಗೆಯನ್ನು ಹಿಂದಕ್ಕೆ ಎಳೆಯುತ್ತಾರೆ. ದಿನಕ್ಕೆ ಆರು ಸಲ ಫೋನು, ವಿಡಿಯೋ ಕಾಲಿನಲ್ಲಿ ಕೋಣೆಯ ನಾಲ್ಕೂ ಮೂಲೆ ತೋರಿಸು ಎಂಬ ಆಜ್ಞೆ, ಗೆಳತಿಯರ ನಂಬರು ಪಡೆದು ಅಡ್ಡಪ್ರಶ್ನೆ. ಇದರಿಂದ ಮಗು ಸುಳ್ಳು ಹೇಳುವುದನ್ನು ಕಲಿಯುತ್ತದೆಯೇ ಹೊರತು ಬೇರೇನನ್ನೂ ಕಲಿಯುವುದಿಲ್ಲ. ಇನ್ನು ಕೆಲವರು ಫೀ ಕಟ್ಟಿದ್ದಾಯಿತು, ಮುಂದಿನದು ಅವನ ನಸೀಬು ಎಂದು ಕೈ ತೊಳೆದುಕೊಳ್ಳುತ್ತಾರೆ. ಮೂರು ವರ್ಷದಲ್ಲಿ ಒಮ್ಮೆಯೂ ಕಾಲೇಜು ನೋಡದ ತಂದೆಯರಿದ್ದಾರೆ.

ಹಾಗಾದರೆ ಏನು ನೋಡಬೇಕು, ಏನು ಕೇಳಬೇಕು? ನಮ್ಮ ಮನೆಗಳ ಫೋನ್ ಮಾತು ಹೇಗಿರುತ್ತದೆಂದು ನಿಮಗೆ ಗೊತ್ತು. "ಖಾನಾ ಖಾಯಾ?" "ಹ್ಞೂ." "ನಮಾಜ್ ಪಢ್ಯಾ?" "ಹ್ಞೂ." "ಓದುತ್ತಿದ್ದೀಯಾ?" "ಹ್ಞೂ." ಮೂರು ಪ್ರಶ್ನೆ, ಮೂರು ಹ್ಞೂ, ಫೋನು ಬಂದ್. ಹ್ಞೂ ಎಂಬ ಉತ್ತರ ಬರುವ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಇವತ್ತು ಯಾವ ಮೇಷ್ಟ್ರು ಏನು ಹೇಳಿಕೊಟ್ಟರು, ಕೋಣೆಯಲ್ಲಿ ಜೊತೆಗಿರುವ ಹುಡುಗಿಯ ಊರು ಯಾವುದು, ಮೆಸ್ಸಿನಲ್ಲಿ ಏನು ಮಾಡಿದ್ದರು, ಯಾವ ವಿಷಯ ಕಷ್ಟವಾಗುತ್ತಿದೆ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನೆ ಆಲಿಸಿ. ಕಷ್ಟ ಎಂದು ಮಗು ಹೇಳಿದ ಕೂಡಲೇ "ನಾನು ಮೊದಲೇ ಹೇಳಿರಲಿಲ್ಲವೇ" ಎಂದರೆ ಮುಂದಿನ ವಾರ ಅದು ಕಷ್ಟವನ್ನು ಹೇಳುವುದೇ ಇಲ್ಲ.

ಕಾಲೇಜಿನ ಕೆಲವು ಶಬ್ದಗಳನ್ನೂ ಕಲಿತುಕೊಳ್ಳಿ. ಅಟೆಂಡೆನ್ಸ್ ಎಂದರೆ ಹಾಜರಿ, ಸಾಮಾನ್ಯವಾಗಿ ಶೇ. 75 ಇರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇಂಟರ್ನಲ್ ಎಂದರೆ ಕಾಲೇಜಿನಲ್ಲಿಯೇ ನಡೆಯುವ ಕಿರುಪರೀಕ್ಷೆ ಮತ್ತು ಅಸೈನ್‌ಮೆಂಟಿನ ಅಂಕ. ಬ್ಯಾಕ್‌ಲಾಗ್ ಎಂದರೆ ಪಾಸಾಗದೆ ಉಳಿದ ವಿಷಯ. ಈ ಮೂರನ್ನು ತಿಳಿದುಕೊಂಡ ತಂದೆ ಕೇಳುವ ಒಂದು ಪ್ರಶ್ನೆ, ಏನೂ ತಿಳಿಯದೆ ಕೊಡುವ ಹತ್ತು ಉಪದೇಶಕ್ಕಿಂತ ಮೇಲು. ಹಾಗೆಯೇ ಸೆಮಿಸ್ಟರಿಗೆ ಒಮ್ಮೆಯಾದರೂ ಕಾಲೇಜಿಗೆ ಹೋಗಿ ಬನ್ನಿ. ವಾರ್ಡನ್ನರ ಮುಖ ಪರಿಚಯ ಮಾಡಿಕೊಳ್ಳಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ನಮ್ಮ ತಾಯಂದಿರು ಸಾರಿಗೆ ಬಸ್ಸಿನಲ್ಲಿ ಉಚಿತವಾಗಿ ದರ್ಗಾಗಳಿಗೆ ಹೋಗಿಬಂದಿದ್ದಾರೆ, ಮದುವೆಗಳಿಗೆ ಹೋಗಿಬಂದಿದ್ದಾರೆ. ಮಗಳ ಹಾಸ್ಟೆಲಿಗೂ ಒಮ್ಮೆ ಹೋಗಿ, ಅವಳು ಮಲಗುವ ಮಂಚದ ಮೇಲೆ ಹತ್ತು ನಿಮಿಷ ಕುಳಿತು ಬನ್ನಿ.

ಇನ್ನು ಭಾಷೆಯ ವಿಷಯ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕನಾಗಿ ಇದನ್ನು ಹೇಳಲೇಬೇಕು. ಹತ್ತನೆಯ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿದ ಹುಡುಗ ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಮೊದಲ ಎರಡು ಮೂರು ತಿಂಗಳು ತರಗತಿಯಲ್ಲಿ ಕಿವುಡನಂತೆ ಕುಳಿತಿರುತ್ತಾನೆ. ಅವನಿಗೆ ಮುಸಲ್ಲಸ್ ಗೊತ್ತು, ಟ್ರಯಾಂಗಲ್ ಗೊತ್ತಿಲ್ಲ. ಕನ್ನಡ ಮಾಧ್ಯಮದವನಿಗೆ ತ್ರಿಕೋನ ಗೊತ್ತು, ಅವನ ಪಾಡೂ ಅದೇ. ಮೂರು ಬದಿ, ಮೂರು ಕೋನ ಎಲ್ಲ ಭಾಷೆಯಲ್ಲೂ ಮೂರೇ. ಹುಡುಗ ದಡ್ಡನಲ್ಲ, ಹೆಸರು ಮಾತ್ರ ಬದಲಾಗಿದೆ. ಆದರೆ ಅವನು ಹಾಗೆ ತಿಳಿಯುವುದಿಲ್ಲ. ತನಗೆ ಬುದ್ಧಿಯೇ ಇಲ್ಲವೆಂದು ತಿಳಿದು ದಸರಾ ರಜೆಗೆ ಬಂದವನು ಹಿಂದಿರುಗುವುದಿಲ್ಲ. "ಮೊಬೈಲ್ ರಿಪೇರಿ ಕಲಿಯುತ್ತೇನೆ" ಎನ್ನುತ್ತಾನೆ. ಮೊಬೈಲ್ ರಿಪೇರಿ ಕೀಳು ಕೆಲಸವಲ್ಲ, ಹಲಾಲ್ ದುಡಿಮೆ. ಆದರೆ ಬರೀ ಒಂದು ಶಬ್ದಕೋಶದ ಕೊರತೆಯಿಂದ ಡಾಕ್ಟರನೋ ಎಂಜಿನಿಯರನೋ ಆಗಬೇಕಿದ್ದವನನ್ನು ನಾವು ಕಳೆದುಕೊಳ್ಳಬಾರದು. ಪಾಲಕರೇ, ಆ ಮೊದಲ ತಿಂಗಳುಗಳಲ್ಲಿ ಅಂಕ ಕೇಳಬೇಡಿ. ನಿಲ್ಲು, ಕಿವಿ ಹೊಂದಿಕೊಳ್ಳುತ್ತದೆ ಎಂದು ಧೈರ್ಯ ಹೇಳಿ.

ಹೆಣ್ಣುಮಕ್ಕಳ ಮಾತು ಬಂದಾಗ ಚಿಂತೆ ಇಮ್ಮಡಿಯಾಗುತ್ತದೆ. ಅದರಲ್ಲಿ ನಿಜವಾದ ಭಯವೆಷ್ಟು, "ಲೋಗಾಂ ಕ್ಯಾ ಬೋಲ್ತೇ" ಎಂಬ ಭಯವೆಷ್ಟು ಎಂದು ಬೇರ್ಪಡಿಸಿ ನೋಡಬೇಕು. ತರಗತಿಗೆ ಮೊದಲಿಗಳಾಗಿದ್ದ ನನ್ನ ಒಬ್ಬ ವಿದ್ಯಾರ್ಥಿನಿಯನ್ನು ಕಾಲೇಜಿಗೆ ಸೇರಿದ ನಾಲ್ಕೇ ತಿಂಗಳಿಗೆ ಬಿಡಿಸಿ ತಂದರು. ಅವಳಿಂದ ಯಾವ ತಪ್ಪೂ ಆಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಹಪಾಠಿಗಳೊಡನೆ ನಿಂತಿದ್ದಳೆಂದು ಯಾರೋ ಬಂದು ಮನೆಯಲ್ಲಿ ಹೇಳಿದ್ದರು, ಅಷ್ಟೇ. ಹೇಳಿದವರು ಮರುದಿನ ಅದನ್ನು ಮರೆತರು. ಆ ಹುಡುಗಿ ಮರೆಯುವುದಿಲ್ಲ. ಕೇಳಿದ್ದನ್ನು ವಿಚಾರಿಸದೆ ನಂಬಬೇಡಿ ಎಂದು ಕುರ್‌ಆನ್ ನಮಗೆ ಕಲಿಸಿದೆ. ಹೊರಗಿನವರ ಮಾತನ್ನು ನಂಬುವ ಮೊದಲು ಮಗಳ ಮಾತನ್ನು ಒಮ್ಮೆ ಕೇಳುವುದು ಅವಳ ಹಕ್ಕು.

ಈ ಭಯ ಹೊಸದೇನಲ್ಲ. ಅಲಿಗಢದಲ್ಲಿ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ 1906ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1914ರಲ್ಲಿ ಹಾಸ್ಟೆಲ್ ಆರಂಭಿಸಿದಾಗ ಮಗಳನ್ನು ಮನೆಯಿಂದ ಹೊರಗೆ ಇರಿಸಲು ಜನ ಹಿಂಜರಿದರು. ದಂಪತಿಗಳು ಮೊದಲು ತಮ್ಮ ಮನೆತನದ ಹೆಣ್ಣುಮಕ್ಕಳನ್ನೇ ಅಲ್ಲಿ ಇರಿಸಿದರು. ಬೇಗಂ ಸಾಹಿಬಾ ಸ್ವತಃ ಆ ಮಕ್ಕಳ ನಡುವೆ ತಾಯಿಯಂತೆ ಇದ್ದರು. ಆಗ ಬೇರೆಯವರಿಗೂ ಧೈರ್ಯ ಬಂತು. ಅದೇ ಮುಂದೆ ಮಹಿಳಾ ಕಾಲೇಜಾಗಿ ಬೆಳೆಯಿತು. ಇದರಿಂದ ನಾವು ಕಲಿಯಬೇಕಾದದ್ದು: ಭಯಪಡುವ ಪಾಲಕರನ್ನು ಅವರು ಬೈಯಲಿಲ್ಲ, ಭಯಕ್ಕೆ ಕಾರಣವಿಲ್ಲದಂತೆ ವ್ಯವಸ್ಥೆ ಮಾಡಿದರು. ಈ ಮಾತು ನಮ್ಮ ಸಂಘಕ್ಕೂ ಅನ್ವಯಿಸುತ್ತದೆ.

ನಿಜವಾದ ಅಪಾಯಗಳೂ ಇವೆ. ಅವುಗಳಿಗೆ ದಾರಿಯೂ ಇದೆ. ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲಿ ನಿಯಮ ಮಾಡಿದೆ. ರಾತ್ರಿ ಹಗಲು ದೂರು ಕೊಡಲು 1800-180-5522 ಎಂಬ ಉಚಿತ ಸಂಖ್ಯೆಯಿದೆ. ಮಗು ಊಟ ಬಿಟ್ಟಿದ್ದರೆ, ನಿದ್ರೆ ಬರುತ್ತಿಲ್ಲವೆಂದರೆ, ಬದುಕೇ ಬೇಡವೆಂಬಂತೆ ಮಾತನಾಡಿದರೆ ಅದನ್ನು ನಾಟಕವೆಂದೋ ನಜರ್ ಎಂದೋ ತಳ್ಳಿಹಾಕಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿಯೂ ಮಾತನಾಡಬಹುದು. ಅದಕ್ಕಿಂತ ಮೊದಲು ಅಂದೇ ಬಸ್ಸು ಹತ್ತಿ ಮಗುವಿನ ಬಳಿ ಹೋಗಿ. ಮೂಸಾ (ಅ) ಅವರ ಅಕ್ಕ ಮುಂದೆ ಬಂದ ಹೊತ್ತು ಅಂಥದ್ದು. ಹಣದ ತೊಂದರೆಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳಿವೆ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಯಿದೆ. ನಿಯಮ, ಕೊನೆಯ ದಿನಾಂಕ ಬದಲಾಗುತ್ತಿರುತ್ತವೆ. ಆಯಾ ವರ್ಷದ ಪ್ರಕಟಣೆಯನ್ನು ಇಲಾಖೆಯಲ್ಲಿ ವಿಚಾರಿಸಿ.

ವಿದ್ಯಾರ್ಥಿಗಳೇ, ಈಗ ನಿಮ್ಮ ಸರದಿ. ಶೇಖ್ ಅಬ್ದುಲ್ ಕಾದಿರ್ ಜೀಲಾನಿಯವರ ಕಥೆಯನ್ನು ನೀವೆಲ್ಲ ಮಕ್ತಬ್‌ನಲ್ಲಿ ಕೇಳಿದ್ದೀರಿ. ಹದಿನೆಂಟರ ತರುಣ ಓದಲು ಜೀಲಾನಿನಿಂದ ಬಗ್ದಾದಿಗೆ ಹೊರಟಾಗ ತಾಯಿ ನಲವತ್ತು ದೀನಾರುಗಳನ್ನು ಅಂಗಿಯೊಳಗೆ ಹೊಲಿದು, ಎಂದೂ ಸುಳ್ಳು ಹೇಳಬೇಡ ಎಂದರು. ದರೋಡೆಕೋರರಿಗೆ ನಿಜ ಹೇಳಿದ್ದು, ಅವರು ತೌಬಾ ಮಾಡಿದ್ದು ನಿಮಗೆ ನೆನಪಿದೆ. ಆದರೆ ಆ ಹಣ ಎಲ್ಲಿಂದ ಬಂತು? ಗಂಡ ಬಿಟ್ಟುಹೋಗಿದ್ದ ಎಂಬತ್ತು ದೀನಾರುಗಳಲ್ಲಿ ಅರ್ಧವನ್ನು ಇನ್ನೊಬ್ಬ ಮಗನಿಗೆ ಇಟ್ಟು, ಅರ್ಧವನ್ನು ಇವರಿಗೆ ಕೊಟ್ಟರೆಂದು ಕಥೆ ಹೇಳುತ್ತದೆ. ನಿಮ್ಮ ಫೀಯೂ ಹಾಗೆಯೇ ಬಂದಿದೆ. ಅದರಲ್ಲಿ ತಮ್ಮನ ಪಾಲಿದೆ, ತಾಯಿಯ ಬಳೆಯಿದೆ. ಅದು ಅಮಾನತ್. ಆದ್ದರಿಂದ ನಿಮ್ಮಿಂದ ನಾನು ಕೇಳುವುದು ಒಂದೇ: ಫೇಲಾದರೆ ಮೊದಲು ಮನೆಗೆ ತಿಳಿಸಿ. ಒಂದು ವಿಷಯದಲ್ಲಿ ಫೇಲಾದದ್ದನ್ನು ಮುಚ್ಚಿಟ್ಟರೆ ಅದನ್ನು ಮುಚ್ಚಲು ಇನ್ನೊಂದು ಸುಳ್ಳು ಬೇಕು, ಸಾಲ ಬೇಕು. ಮನೆಯವರು ಒಂದು ದಿನ ಸಿಟ್ಟಾಗುತ್ತಾರೆ. ಎರಡನೆಯ ದಿನ ನಿಮ್ಮ ಜೊತೆ ನಿಲ್ಲುತ್ತಾರೆ. ದಿನಕ್ಕೊಂದು ಸಲ, ಅವರು ಮಾಡುವ ಮೊದಲೇ, ನೀವೇ ಫೋನ್ ಮಾಡಿ. ಐದು ನಿಮಿಷ ಸಾಕು.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಮೂರು ವಿನಂತಿ. ಒಂದು, ಪ್ರವೇಶದ ಸಮಯದಲ್ಲಿ ಹೊರಡುವ ಮಕ್ಕಳನ್ನೂ ಅವರ ತಂದೆ ತಾಯಿಯನ್ನೂ ಒಟ್ಟಿಗೆ ಕೂರಿಸಿ, ಈಗಾಗಲೇ ಆ ಊರಿನಲ್ಲಿ ಓದುತ್ತಿರುವ ನಮ್ಮ ಹಿರಿಯ ವಿದ್ಯಾರ್ಥಿಗಳ ಪರಿಚಯ ಮಾಡಿಸಬೇಕು. ಹುಡುಗನಿಗೆ ಒಬ್ಬ ಅಣ್ಣ, ಹುಡುಗಿಗೆ ಒಬ್ಬ ಅಕ್ಕ. ಎರಡು, ಸೆಮಿಸ್ಟರಿಗೊಮ್ಮೆ ಸಂಘದ ಇಬ್ಬರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ, ನಮ್ಮ ಮಕ್ಕಳಿರುವ ಹಾಸ್ಟೆಲುಗಳಿಗೆ ಹೋಗಿಬರಬೇಕು. ಮೂರು, ಜೂನ್ ತಿಂಗಳಲ್ಲಿ ಸಹಾಯ ಮಾಡಿ ಕೈಬಿಡುವ ಬದಲು ಪರೀಕ್ಷಾ ಶುಲ್ಕದ ಹೊತ್ತಿಗೂ ಒಂದಿಷ್ಟು ಹಣ ತೆಗೆದಿಡಬೇಕು. ಕಾಲೇಜಿಗೆ ಸೇರಿಸಿದ್ದು ನಮ್ಮ ಸಾಧನೆಯಲ್ಲ, ಓದಿ ಮುಗಿಸುವಂತೆ ನೋಡಿಕೊಂಡದ್ದು ಸಾಧನೆ.

ಒಂಟೆಯನ್ನು ಕಟ್ಟಿಹಾಕು, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂಬುದು ಪ್ರವಾದಿ ಮುಹಮ್ಮದ್ (ಸ) ಅವರ ಬೋಧನೆ. ನಾನು ಇಷ್ಟು ಹೊತ್ತು ಹೇಳಿದ್ದು ಹಗ್ಗದ ವಿಷಯ. ಭರವಸೆಯ ವಿಷಯವನ್ನು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಅಲ್ಲಾಹನು ಸ್ವೀಕರಿಸುವ ಪ್ರಾರ್ಥನೆಗಳಲ್ಲಿ ಪ್ರಯಾಣಿಕನ ದುಆ ಮತ್ತು ಮಕ್ಕಳ ಪರವಾಗಿ ತಂದೆ ತಾಯಿ ಮಾಡುವ ದುಆ ಸೇರಿವೆ ಎಂದು ಹದೀಸ್‌ನಲ್ಲಿ ಬಂದಿದೆ. ಮಗು ಮನೆಯಿಂದ ದೂರವಿದೆ, ನೀವು ಮನೆಯಲ್ಲಿ ಕೈ ಎತ್ತಿದ್ದೀರಿ. ಎರಡೂ ಕಡೆಯಿಂದ ದುಆ ಹೋಗುತ್ತಿರಲಿ. ಅಲ್ಲಾಹನು ನಮ್ಮ ಎಲ್ಲ ಮಕ್ಕಳಿಗೆ ಉಪಯುಕ್ತ ಇಲ್ಮನ್ನೂ, ಸಜ್ಜನರ ಸಂಗವನ್ನೂ, ನಮಗೆ ತಾಳ್ಮೆಯನ್ನೂ ಕರುಣಿಸಲಿ. ಆಮೀನ್.

ವಸ್ಸಲಾಮ್.