ಮೈಲಿಯ ರಸವನ್ನು ಕಡಲಾಚೆಗೆ ಒಯ್ದ ದಾದಿ

ಹೊಸದೊಂದು ಔಷಧವನ್ನು ಕಂಡುಹಿಡಿದವರ ಹೆಸರು ನಮಗೆ ಬೇಗ ದೊರೆಯುತ್ತದೆ. ಅದನ್ನು ಜನರ ಬಳಿಗೆ ಮುಟ್ಟಿಸಿದವರ ಹೆಸರನ್ನು ಹುಡುಕಬೇಕಾಗುತ್ತದೆ. ಹಸುವಿನ ಸಿಡುಬಿನ ರಸದಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಎಡ್ವರ್ಡ್ ಜೆನ್ನರನು 1798ರಲ್ಲಿ ಪ್ರಕಟಿಸಿದ ಸಂಗತಿಯನ್ನು ನಾವೆಲ್ಲ ಓದಿದ್ದೇವೆ. ಇಸಬೆಲ್ ಸೆಂದಾಲ್ ಎಂಬ ದಾದಿಯ ಹೆಸರನ್ನು ಕೇಳಿದವರು ಕೆಲವರು ಮಾತ್ರ.

ಈಕೆ ಸ್ಪೇನ್ ದೇಶದ ಗಲೀಸಿಯ ಪ್ರಾಂತದ ಬಡ ಒಕ್ಕಲು ಮನೆತನದವಳು. ಲಾ ಕೊರೂನ್ಯ ಪಟ್ಟಣದಲ್ಲಿ ಮನೆಗೆಲಸಮಾಡಿಕೊಂಡಿದ್ದು, 1800ರಲ್ಲಿ ಅಲ್ಲಿಯ ಅನಾಥಾಲಯದ ಮೇಲ್ವಿಚಾರಕಳಾದಳು.

ಆ ಕಾಲದಲ್ಲಿ ಸ್ಪೇನಿನ ಅಧೀನದಲ್ಲಿದ್ದ ಅಮೆರಿಕದ ಸೀಮೆಗಳನ್ನು ಸಿಡುಬು ಸೂರೆಮಾಡುತ್ತಿತ್ತು. ಮೈಲಿಯ ರಸವನ್ನು ದಾರಕ್ಕೆ ಹೀರಿಸಿ ಒಣಗಿಸಿಯೋ ಗಾಜಿನ ತುಂಡುಗಳ ನಡುವೆ ಇಟ್ಟೋ ಕಳುಹಿಸಿದರೆ ದೀರ್ಘ ಪ್ರಯಾಣದಲ್ಲಿ ಅದರ ಸತ್ತ್ವ ನಶಿಸುತ್ತಿತ್ತು. ಅದನ್ನು ಜೀವಂತವಾಗಿ ಒಯ್ಯಲು ಮನುಷ್ಯದೇಹಕ್ಕಿಂತ ನಂಬಿಕೆಯ ಪಾತ್ರೆ ಇರಲಿಲ್ಲ. ಆದಕಾರಣ ನಾಲ್ಕನೆಯ ಕಾರ್ಲೋಸ್ ದೊರೆಯ ಅಪ್ಪಣೆಯಂತೆ ಬಾಲ್ಮಿಸ್ ಎಂಬ ವೈದ್ಯನು 22 ಮಂದಿ ಹುಡುಗರೊಡನೆ 1803ನೆಯ ನವೆಂಬರ್ 30ರಂದು ಹಡಗನ್ನೇರಿದನು. ಆ ತಂಡದಲ್ಲಿದ್ದ ಒಬ್ಬಳೇ ಹೆಂಗಸು ಇಸಬೆಲ್. ಹುಡುಗರಲ್ಲಿ ಒಬ್ಬನು ಅವಳ ಮಗ.

ಮೊದಲು ಇಬ್ಬರ ತೋಳಿಗೆ ಮೈಲಿ ಹಾಕುವುದು. ಒಂಬತ್ತು ಹತ್ತು ದಿನಗಳಲ್ಲಿ ಗುಳ್ಳೆ ಬಲಿತಾಗ ಅದರ ರಸವನ್ನು ತೆಗೆದು ಮತ್ತಿಬ್ಬರಿಗೆ ಹಾಕುವುದು. ಒಬ್ಬನ ಗುಳ್ಳೆ ಕೆಟ್ಟರೂ ಇನ್ನೊಬ್ಬನದು ಉಳಿಯಲೆಂದು ಇಬ್ಬಿಬ್ಬರು. ಹುಡುಗನು ನಿದ್ದೆಯಲ್ಲಿ ತೋಳನ್ನು ಕೆರೆದುಕೊಂಡರೆ ರಸ ಹಾಳು. ಸರದಿ ಬಾರದವನಿಗೆ ತಗುಲಿದರೆ ಮುಂದಿನ ಕೊಂಡಿ ಇಲ್ಲ. ಅಲೆಗಳ ತುಯ್ತದಲ್ಲಿ ಎಳೆಯರನ್ನು ಹಗಲಿರುಳು ಕಾಯುವ ಕೆಲಸವೇ ಆ ಪ್ರಯೋಗದ ಪ್ರಾಣವಾಗಿತ್ತು. ಅತಿಶ್ರಮದಿಂದ ಆಕೆಯ ಆರೋಗ್ಯ ಕೆಟ್ಟಿತೆಂದು ಬಾಲ್ಮಿಸನೇ ಬರೆದಿದ್ದಾನೆ. 1805ರಲ್ಲಿ ಮೆಕ್ಸಿಕೋದ 26 ಹುಡುಗರೊಡನೆ ಆಕೆ ಫಿಲಿಪೈನ್ಸಿಗೂ ಹೋದಳು. ಸ್ಪೇನಿಗೆ ಮಾತ್ರ ಮರಳಲಿಲ್ಲ.

ನಮ್ಮ ದೇಶಕ್ಕೂ ಮೈಲಿ ಬಂದದ್ದು ಹೊರಗಿನಿಂದಲೇ. ಬಾಗ್ದಾದ್, ಬಸ್ರಾ ಮಾರ್ಗವಾಗಿ ಮುಂಬಯಿಗೆ ಬಂದ ರಸವನ್ನು 1802ನೆಯ ಜೂನ್ 14ರಂದು ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಲಾಯಿತು.

ಈ ಸಾಹಸವನ್ನು ಕೊಂಡಾಡುವಾಗ ಒಂದು ಮಾತನ್ನು ಮರೆಯಲಾಗದು. ಆ ಅನಾಥ ಬಾಲಕರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಇಂದಿನ ಲಸಿಕೆಯ ಪರೀಕ್ಷೆಗಳಲ್ಲಿ ಜನರಿಗೆ ವಿಷಯವನ್ನು ತಿಳಿಯಹೇಳಿ ಸಮ್ಮತಿ ಪಡೆಯುವುದು, ಜ್ವರ ನೋವುಗಳನ್ನು ಗುರುತುಹಾಕಿಕೊಳ್ಳುವುದು, ತಪ್ಪಿಹೋದವರನ್ನು ಮನೆಯವರೆಗೂ ಅರಸಿಹೋಗುವುದು ಇವೆಲ್ಲ ಬಹುಮಟ್ಟಿಗೆ ದಾದಿಯರ ಕೆಲಸ. ರೋಗಿಯ ಹಾಸಿಗೆಯ ಬಳಿ ಕಲಿತ ನಿಷ್ಠೆಯೇ ಅಲ್ಲಿ ಶಾಸ್ತ್ರಜ್ಞಾನವಾಗಿ ಬೆಳೆಯುತ್ತದೆ.

1980ರಲ್ಲಿ ಸಿಡುಬು ಲೋಕದಿಂದ ತೊಲಗಿತೆಂದು ಸಾರಲಾಯಿತು. 2020ರಲ್ಲಿ ಮ್ಯಾಡ್ರಿಡ್‌ನ ಹೊಸದೊಂದು ಆಸ್ಪತ್ರೆಗೆ ಇಸಬೆಲಳ ಹೆಸರನ್ನಿಡಲಾಯಿತು. ಮಗಳು ದಾದಿಯಾಗುತ್ತೇನೆಂದರೆ ಹಿಂಜರಿಯುವ ಮನೆಗಳು ನಮ್ಮಲ್ಲಿ ಇನ್ನೂ ಉಂಟು. ಆ ವೃತ್ತಿಯ ದಾರಿ ಎಷ್ಟು ದೂರ ಹೋಗಬಲ್ಲುದೆಂಬುದನ್ನು ಅವರು ಒಮ್ಮೆ ಆಲೋಚಿಸಬೇಕೆಂಬುದೇ ನಮ್ಮ ಬಿನ್ನಹ.