ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆಯವರು
(ದುದ್ದದ ಸಭೆಯಲ್ಲಿ ಮಾಡಿದ ಭಾಷಣ)



ಹಾಸನ ಸೀಮೆಯ ಈ ದುದ್ದದಲ್ಲಿ ಘಟ್ಟದ ಕೆಳಗಿನವರೊಬ್ಬರ ವಿಚಾರವನ್ನು ನಾವೇಕೆ ಎತ್ತಿದೆವೆಂದು ತಮ್ಮಲ್ಲಿ ಕೆಲವರು ಕೇಳಬಹುದು. 1956ರ ನವೆಂಬರ್ 1ರವರೆಗೆ ಸಕಲೇಶಪುರದಾಚೆಯ ಘಟ್ಟವನ್ನಿಳಿದರೆ ಮದರಾಸು ಸರ್ಕಾರದ ಸೀಮೆ. ಓದುಬರಹದ ನುಡಿಯೊಂದೇ ಆದರೂ ಕಚೇರಿ ಬೇರೆ, ಕಾನೂನು ಬೇರೆ. ಆ ಸೀಮೆಯ ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಜನಿಸಿದವರು ಹೆಗ್ಡೆಯವರು.

ಅವರ ವಕೀಲಿವೃತ್ತಿಯನ್ನೂ, 1952ರಿಂದ ರಾಜ್ಯಸಭೆಯಲ್ಲಿದ್ದ ಕಾಲವನ್ನೂ ಇಲ್ಲಿ ವಿಸ್ತರಿಸಲಾರೆವು. ಏಕೀಕರಣದ ಮರುವರ್ಷವೇ ಅವರು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. ಪಕ್ಷದ ಸಾಲಿನಿಂದೆದ್ದು ನೇರವಾಗಿ ನ್ಯಾಯಪೀಠವನ್ನೇರುವುದು ಒಳ್ಳೆಯ ಪದ್ಧತಿಯೆಂದು ನಾವು ಒಪ್ಪಲಾರೆವು. ಆದರೆ ಹೆಗ್ಡೆಯವರು ಪಕ್ಷದ ಋಣವನ್ನು ತೀರಿಸಲು ಪೀಠದಲ್ಲಿ ಕುಳಿತವರಲ್ಲವೆಂಬುದು ಮುಂದೆ ಎಲ್ಲರಿಗೂ ವಿದಿತವಾಯಿತು. 1966ರಲ್ಲಿ ಅವರು ದೆಹಲಿ ಹೈಕೋರ್ಟಿನ ಪ್ರಥಮ ಮುಖ್ಯ ನ್ಯಾಯಾಧೀಶರಾಗಿ, ಮರುವರ್ಷ ಸುಪ್ರೀಂ ಕೋರ್ಟನ್ನು ಸೇರಿದರು.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಭೂಸುಧಾರಣೆಯ ಕಾನೂನಿನಿಂದ ಮಠದ ಭೂಮಿಗೆ ಒದಗಿದ ಆಪತ್ತಿನ ಬಗ್ಗೆ 1970ರಲ್ಲಿ ಅದೇ ಕೋರ್ಟಿನಲ್ಲಿ ಮೊರೆಯಿಟ್ಟರು. ಕಾಸರಗೋಡು 1956ರಲ್ಲಿ ನಮ್ಮ ಕೈತಪ್ಪಿದ್ದರಿಂದಲ್ಲವೇ, ಕನ್ನಡದ ಮಠಾಧಿಪತಿಗಳ ಮೊರೆ ಕೇರಳ ರಾಜ್ಯದ ವಿರುದ್ಧವೆಂದು ದಾಖಲಾದದ್ದು! ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತುದಿಯವರು ಮೊರೆಯಿಟ್ಟವರು. ಕೇಳಿದ ಹದಿಮೂವರಲ್ಲಿ ಒಬ್ಬರು ಇನ್ನೊಂದು ತುದಿಯವರು. 68 ದಿನಗಳ ವಿಚಾರಣೆಯ ತರುವಾಯ, 1973ರ ಏಪ್ರಿಲ್ 24ರಂದು, ಪಾರ್ಲಿಮೆಂಟು ರಾಜ್ಯಾಂಗವನ್ನು ತಿದ್ದಬಹುದಾದರೂ ಅದರ ಮೂಲರಚನೆಯನ್ನು ಕೆಡಿಸಲಾಗದೆಂದು ಏಳು ಮಂದಿ ತೀರ್ಪಿತ್ತರು. ಆರು ಮಂದಿ ಒಪ್ಪಲಿಲ್ಲ. ಹೆಗ್ಡೆಯವರು ಏಳ್ವರಲ್ಲೊಬ್ಬರು. ಒಂದು ಮತ ಅತ್ತ ವಾಲಿದ್ದರೆ ಏನಾಗುತ್ತಿತ್ತೆಂಬುದನ್ನು ಉಪಾಧ್ಯಾಯರಾದ ತಾವು ಮಕ್ಕಳಿಗೆ ವಿವರಿಸಬಲ್ಲಿರಿ.

ಮರುದಿನವೇ ಸರ್ಕಾರವು ಶೆಲತ್, ಹೆಗ್ಡೆ, ಗ್ರೋವರ್ ಎಂಬ ಮೂವರು ಹಿರಿಯರನ್ನು ದಾಟಿ, ತೀರ್ಪನ್ನೊಪ್ಪದಿದ್ದ ಅಜಿತನಾಥ ರೇ ಅವರನ್ನು ಮುಖ್ಯ ನ್ಯಾಯಾಧೀಶರೆಂದು ಸಾರಿತು. ಮೂವರೂ ರಾಜೀನಾಮೆಯಿತ್ತರು. ಕಿರಿಯರ ಕೈಕೆಳಗೆ ಸಂಬಳವೆಣಿಸುತ್ತ ಕೂರಲು ಅವರಿಗೆ ಅಡ್ಡಿಯೇನಿತ್ತು? ಅಭಿಮಾನವೊಂದೇ.

1977ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದ ಮತದಾರರು ಅವರನ್ನು ಲೋಕಸಭೆಗೆ ಕಳುಹಿದರು. ಆ ಜುಲೈ ತಿಂಗಳಿನಲ್ಲೇ, ಸಂಜೀವ ರೆಡ್ಡಿಯವರು ತೆರವು ಮಾಡಿದ ಸಭಾಧ್ಯಕ್ಷಪೀಠ ಅವರದಾಯಿತು.