ಉಪ್ಪು, ಸಕ್ಕರೆ ಮತ್ತು ಕರುಳಿನ ಲೆಕ್ಕ

1971. ಬಾಂಗ್ಲಾ ವಿಮೋಚನೆಯ ಯುದ್ಧದಿಂದ ಓಡಿಬಂದ ನಿರಾಶ್ರಿತರಿಂದ ಪಶ್ಚಿಮ ಬಂಗಾಳದ ಗಡಿ ಊರು ಬನಗಾಂವ್ ತುಂಬಿಹೋಗಿತ್ತು. ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರಿಂದಲೇ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು.

ಪವಾಡವೇನಲ್ಲ, ಜೀವರಸಾಯನಶಾಸ್ತ್ರ!

ಭೇದಿಯಾದವರಿಗೆ ಬರೀ ನೀರು ಸಾಲದು, ಬರೀ ಉಪ್ಪುನೀರೂ ಸಾಲದು. ಕರುಳಿನ ಗೋಡೆಯಲ್ಲಿರುವ ಒಂದು ಪ್ರೋಟೀನ್ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಜೊತೆಯಾಗಿಯೇ ಒಳಗೆ ಸೇರಿಸಿಕೊಳ್ಳುತ್ತದೆ. ನೀರು ಅವುಗಳ ಬೆನ್ನಿಗೇ ಹೋಗುತ್ತದೆ. ಈ ನಂಟನ್ನು 1960ರಲ್ಲಿ ವಿವರಿಸಿದವರು ರಾಬರ್ಟ್ ಕ್ರೇನ್. ಕಾಲರಾದ ವಿಷ ಕರುಳಿನಿಂದ ನೀರನ್ನು ಹೊರಗೆ ಸುರಿಸುತ್ತದೆ ನಿಜ, ಆದರೆ ಈ ಒಂದು ದಾರಿಯನ್ನು ಮುಚ್ಚಲಾರದು. ಲಕ್ಷಾಂತರ ಮಕ್ಕಳ ಜೀವ ಉಳಿದದ್ದು ಅಲ್ಲೇ.

ಇವತ್ತು ಆಶಾ ಕಾರ್ಯಕರ್ತೆಯರು ಕೊಡುವ ಓಆರ್‌ಎಸ್ ಪೊಟ್ಟಣದ ಹಿಂದಿರುವುದೂ ಇದೇ ಲೆಕ್ಕ. ರುಚಿಗೆಂದು ಅದಕ್ಕೆ ಇನ್ನೆರಡು ಚಮಚ ಸಕ್ಕರೆ ಹಾಕುವವರಿದ್ದಾರೆ. ಸಕ್ಕರೆ ಅತಿಯಾದರೆ ಅದು ನೀರನ್ನು ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರನ್ನು ಅಳೆದು ಕಲಸಿ; ಬೇರೇನೂ ಸೇರಿಸಬೇಡಿ.